ನಾಗಣ್ಣನ ಕಳ್ಳುಬಳ್ಳಿ ಸಾಫ್ಟ್‌ವೇರ್

"ಈ ಸಲ ಬಹುಮಾನ ಕಮಲಾಪುರದ ಬಸ್ ಹತ್ತಲಿಲ್ಲಂದ್ರ ನನ್ನ ಹೆಸರು ನಾಗಣ್ಣನೇ ಅಲ್ಲ!"

ಕಮಲಾಪುರದ ಸಂತೆಯಲ್ಲಿ, ಕೆಂಪು ಬಾಳೆಗೊನೆಗಳ ನಡುವೆ ನಿಂತು ನಾಗಣ್ಣ ಹೀಗೆ ಸಾರಿದಾಗ ಇಸವಿ ಎರಡು ಸಾವಿರದ ಒಂದು. ಕೈಯಲ್ಲಿ ಪತ್ರಿಕೆಯ ತುಂಡು. ಕಲಬುರಗಿಯಲ್ಲಿ ಹೊಸ ಬಗೆಯ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ತಯಾರಿಸಿದವರಿಗೆ ಸ್ಪರ್ಧೆ. ಯಾರು ಬೇಕಾದರೂ ಬರಬಹುದು, ಪದವಿ ಬೇಕಿಲ್ಲ. 'ಪದವಿ ಬೇಕಿಲ್ಲ' ಎಂಬುದರ ಕೆಳಗೆ ಅವನು ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದ.

ಯಾಕೆಂದರೆ ನಾಗಣ್ಣ ಸಾಲೆಯಲ್ಲಿ ಕಲಿತದ್ದು ಆರನೇ ಇಯತ್ತೆ. ಮಿಕ್ಕಿದ್ದೆಲ್ಲ ಸ್ವಂತದ ವಿದ್ಯೆ. ರೇಡಿಯೋ ಬಿಚ್ಚಿ ರೇಡಿಯೋ ಕಲಿತ, ಟೀವಿ ಬಿಚ್ಚಿ ಟೀವಿ ಕಲಿತ. ಐವತ್ತು ದಾಟಿದ ಮೇಲೆ ಕಪನೂರಿನ ಕಾರ್ಖಾನೆಯೊಂದು ಮಾರಿದ ಹಳೆಯ ಕಂಪ್ಯೂಟರ್ ತಂದು, ಅದನ್ನೂ ಬಿಚ್ಚಿ ಜೋಡಿಸಿ, ಉಳಿದ ಎರಡು ಸ್ಕ್ರೂಗಳನ್ನು ಜೇಬಿಗೆ ಇಳಿಸಿ ಪ್ರೋಗ್ರಾಮ್ ಬರೆಯಲು ಕುಳಿತ. ಪುಸ್ತಕ ಇಂಗ್ಲಿಷಿನದು. ಅರ್ಥವಾಗದ ಕಡೆ ಪುಟ ತಿರುವಿದ, ಅರ್ಥವಾದ ಕಡೆ ಎದೆ ಉಬ್ಬಿಸಿದ!

ಸಂತೆಯಲ್ಲಿ ಇದನ್ನೆಲ್ಲ ಕೇಳಿ ನಕ್ಕವನು ಸಾಯಬಣ್ಣ. ನಾಗಣ್ಣನ ಹೆಂಡತಿ ವಿಮಲಾಬಾಯಿಗೆ ಸೋದರತ್ತೆಯ ಮಗ. ಬಿ.ಎ. ಪಾಸು, ಸರ್ಕಾರಿ ಗುಮಾಸ್ತ, ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾದರೂ ಅಂಗಿಯ ಇಸ್ತ್ರಿ ಕೆಡಿಸಿಕೊಂಡವನಲ್ಲ.

"ಆರನೇ ಇಯತ್ತಿಯವ ಸಾಫ್ಟ್‌ವೇರ್ ಮಾಡ್ತಾನಂತ!" ಎಂದ ಸಾಯಬಣ್ಣ. "ನಾಳೆ ನಮ್ಮನಿ ಎಮ್ಮಿ ಪೇಪರ್ ಓದ್ತದ, ಬರ್ರಿ ನೋಡ್ಲಾಕ!"

ಸಂತೆಯೆಲ್ಲ ನಕ್ಕಿತು. ಅವತ್ತಿನಿಂದ ನಾಗಣ್ಣನಿಗೆ ಅದು ಬರೀ ಬಹುಮಾನದ ಮಾತಾಗಿ ಉಳಿಯಲಿಲ್ಲ. ಸಾಲೆ ಬಿಟ್ಟವನೂ ಎಂಜಿನಿಯರ್ ಆಗಬಲ್ಲ ಎಂಬುದನ್ನು ನಾಲ್ಕು ಜನರ ಮುಂದೆ ತೋರಿಸಬೇಕಿತ್ತು.

ಸಾಫ್ಟ್‌ವೇರಿನ ಹೆಸರು 'ಕಳ್ಳುಬಳ್ಳಿ', ಅಂದರೆ ನೆಂಟರಿಷ್ಟರು. ಇಬ್ಬರ ಹೆಸರು ಒತ್ತಿದರೆ ಸಾಕು, ಅವರಿಬ್ಬರೂ ಪರಸ್ಪರ ಏನಾಗಬೇಕು ಎಂದು ತೆರೆಯ ಮೇಲೆ ಮೂಡುತ್ತದೆ. ಅದಕ್ಕೆ ಬೇಕಾದ ಬಂಧುಬಳಗದ ಮಾಹಿತಿ ಎಲ್ಲಿಂದ ಬಂತು? ವಿಮಲಾಬಾಯಿಯ ತಲೆಯಿಂದ! ಆಕೆ ತೊಗರಿಬೇಳೆ ಹಸನು ಮಾಡುತ್ತ ಹೇಳಿದಳು, ಈತ ಒಂದೇ ಬೆರಳಿನಿಂದ ಟೈಪು ಮಾಡಿದ. ಒಂದು ಬೇಸಿಗೆಯಲ್ಲಿ ಸಾವಿರದ ಇನ್ನೂರು ಹೆಸರು, ಎರಡು ಚೀಲ ಬೇಳೆ.

"ಏನ್ರಿ, ಒಬ್ಬರಿಗಿ ಎರಡೆರಡು ಸಂಬಂಧ ಇದ್ರ ಹ್ಯಾಂಗ್ ಬರೀತೀರಿ?" ಎಂದು ಆಕೆ ನಡುವೆ ಒಮ್ಮೆ ಕೇಳಿದಳು.

"ಕಂಪ್ಯೂಟರಿಗೆ ಗೊಂದಲ ಆಗಬಾರದು. ಇಬ್ಬರ ನಡುವ ಒಂದೇ ಖಾನಿ. ಒಂದು ಸಂಬಂಧ ಸಾಕು."

"ನಮ್ಮ ಕಡಿ ಮಂದಿಗಿ ಒಂದು ಸಾಕಾಗಂಗಿಲ್ರಿ!"

"ನೀ ಬ್ಯಾಳಿ ನೋಡು, ಖಾನಿ ನಾ ನೋಡ್ತೇನಿ."

ಇಷ್ಟಕ್ಕೇ ನಿಲ್ಲಿಸಿದ್ದರೆ ನಾಗಣ್ಣ ನಾಗಣ್ಣನಾಗುತ್ತಿರಲಿಲ್ಲ. ಸಾಫ್ಟ್‌ವೇರಿಗೆ ಒಂದು ಕಿರೀಟ ಬೇಕೆಂದು 'ವರ ಶೋಧ' ಎಂಬ ಗುಂಡಿ ಸೇರಿಸಿದ. ಮದುವೆಯಾಗದ ಹೆಣ್ಣಿನ ಹೆಸರು ಕೊಟ್ಟು ಗುಂಡಿ ಒತ್ತಿದರೆ ಬಳಗದಲ್ಲಿರುವ ವರಗಳನ್ನೆಲ್ಲ ಅಂಕ ಹಾಕಿ ಸಾಲಾಗಿ ನಿಲ್ಲಿಸುತ್ತದೆ. ವಯಸ್ಸಿಗಿಷ್ಟು, ನೌಕರಿಗಿಷ್ಟು, ಓದಿಗೆ ಎಲ್ಲಕ್ಕಿಂತ ಹೆಚ್ಚು. ಹತ್ತನೇ ಇಯತ್ತೆ ದಾಟದವನಿಗೆ ಸೊನ್ನೆ! ಕಾಲ ಮುಂದೆ ಹೋಗಿದೆ, ಸಾಫ್ಟ್‌ವೇರೂ ಮುಂದೆ ಹೋಗಬೇಕಲ್ಲ.

ಸ್ಪರ್ಧೆಯ ಹಿಂದಿನ ಸಂಜೆ ವಿಮಲಾಬಾಯಿ ನೆನಪಿಸಿದಳು, "ಎಲ್ಲಾರ್ನೂ ಹಾಕೀರಿ, ನಿಮ್ಮಕ್ಕನ ಮಕ್ಕಳನ್ನೇ ಬಿಟ್ಟೀರಲ್ರಿ!" ನಾಗಣ್ಣ ಗಡಿಬಿಡಿಯಲ್ಲಿ ಅಕ್ಕನ ಮಕ್ಕಳನ್ನು ಹಿರಿಯರಿಂದ ಕಿರಿಯರವರೆಗೆ ಟೈಪು ಮಾಡಿದ. ನಿಶ್ಚಿಂತನಾದ.

ಬೆಳಿಗ್ಗೆ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ ಕಲಬುರಗಿ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅದು ವಿಮಲಾಬಾಯಿಯ ತೊಡೆಯ ಮೇಲೆ. ಕೌದಿಯ ಒಳಗೆ ಇಣುಕಿ ನೋಡಿದ ಕಂಡಕ್ಟರ್, "ಕೂಸು ಭಾಳ ಚೌಕ ಅದಲ್ರೀ ಬಾಯಾರ!" ಎಂದ.

ಸಭಾಂಗಣದಲ್ಲಿ ಇಪ್ಪತ್ತೆರಡು ಸ್ಪರ್ಧಿಗಳು. ಎಲ್ಲರ ಕೊರಳಲ್ಲೂ ಟೈ, ನಾಗಣ್ಣನ ಹೆಗಲ ಮೇಲೆ ಟವೆಲ್ಲು. ಮುಖ್ಯ ತೀರ್ಪುಗಾರರು ಸಕೀನಾ ಮೇಡಂ, ಕಂಪ್ಯೂಟರ್ ಕಲಿಸುವವರು. ಹಿಂದಿನ ಸಾಲಿನಲ್ಲಿ, ತಮಾಷೆ ನೋಡಲೆಂದೇ ರಜೆ ಹಾಕಿ ಬಂದ ಸಾಯಬಣ್ಣ!

ಸಕೀನಾ ಮೇಡಂ ಪಟ್ಟಿಯಿಂದ ಎರಡು ಹೆಸರು ಆರಿಸಿ ಒತ್ತಿದರು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಉತ್ತರ ಬಂತು: 'ದತ್ತಪ್ಪನ ತಾಯಿಯ ಅಣ್ಣನ ಸೊಸೆಯ ತಂಗಿ ಸಂಗವ್ವ.'

ಚಪ್ಪಾಳೆ! ನಾಗಣ್ಣ ಟವೆಲ್ಲನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬೀಸಿದ. ಸಾಯಬಣ್ಣನ ಮುಖ ಬಾಡಿದ್ದನ್ನು ಕಣ್ಣಾರೆ ಕಂಡ. ಅಲ್ಲಿಗೇ ಕೈಮುಗಿದು ಇಳಿದಿದ್ದರೆ ಮೊದಲ ಬಹುಮಾನ ಅವನದೇ ಇತ್ತು.

"ಶಾಬಾಸ್! ಯಾರ ಹೆಸರು ಒತ್ತಿದ್ರೂ ಸರಿ ಹೇಳ್ತದೇನ್ರಿ?" ಎಂದರು ಮೇಡಂ.

"ಯಾರದಾದ್ರೂ ಒತ್ತ್ರಿ ಮೇಡಂ! ಬೇಕಾದ್ರ ನನ್ನ ಹೆಸರಿನ ಜೋಡಿ ನಮ್ಮನಿಯವರದೇ ಒತ್ತ್ರಿ! ವಿಮಲಾಬಾಯಿ ಅಂತ."

ಮೇಡಂ ಒತ್ತಿದರು. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಗೇಣುದ್ದದ ಅಕ್ಷರಗಳು ಮೂಡಿದವು:

'ವಿಮಲಾಬಾಯಿ. ನಾಗಣ್ಣನ ಅಕ್ಕನ ಮಗಳು. ವಯಸ್ಸು ನಲವತ್ತನಾಲ್ಕು. ಮದುವೆ ಆಗಿಲ್ಲ.'

ಸಭೆ ಪರದೆಯನ್ನೊಮ್ಮೆ, ನಾಗಣ್ಣನನ್ನೊಮ್ಮೆ ನೋಡಿತು.

ಆದದ್ದಿಷ್ಟೇ. ವಿಮಲಾಬಾಯಿ ನಾಗಣ್ಣನ ಸ್ವಂತ ಅಕ್ಕನ ಹಿರಿಯ ಮಗಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ಅವರ ಮನೆತನದಲ್ಲಿ ಅಜ್ಜನ ಕಾಲದ ರೂಢಿ. ಮೊದಲ ದಿನ ಆ ಖಾನೆಯಲ್ಲಿ 'ಹೆಂಡತಿ' ಎಂದು ಬರೆದಿದ್ದ. ಹಿಂದಿನ ಸಂಜೆ ಅಕ್ಕನ ಮಕ್ಕಳನ್ನು ಸೇರಿಸುವಾಗ ಅದೇ ಖಾನೆಯಲ್ಲಿ 'ಅಕ್ಕನ ಮಗಳು' ಎಂದು ಬರೆದ. ಹೊಸದು ಬಂದು ಕುಳಿತಿತು, ಹಳೆಯದು ಅಳಿಸಿಹೋಯಿತು. ಮೂರು ದಿನದ ಮದುವೆ, ಇಪ್ಪತ್ತಾರು ವರ್ಷದ ಸಂಸಾರ, ಒಂದು ಗುಂಡಿಗೆ ಮಾಯ!

"ಮೇಡಂ, ಇದು ತಪ್ಪು! ಅಕಿ ನನ್ನ ಹೇಂತಿ!" ನಾಗಣ್ಣ ಗಾಬರಿಯಿಂದ ಕೀಬೋರ್ಡಿಗೆ ಕೈ ಹಾಕಿದ. ಬೆವರಿದ ಬೆರಳು ಜಾರಿ ಬಿದ್ದದ್ದು 'ವರ ಶೋಧ'ದ ಮೇಲೆ.

'ವಿಮಲಾಬಾಯಿಗೆ ಯೋಗ್ಯ ವರಗಳು: ಹನ್ನೊಂದು. ಒಂದನೆಯ ಸ್ಥಾನ, ಸಾಯಬಣ್ಣ. ಬಿ.ಎ., ಸರ್ಕಾರಿ ನೌಕರಿ. ಅಂಕ ಎಂಬತ್ತೆರಡು.'

ಹಿಂದಿನ ಸಾಲಿನಲ್ಲಿ ಸಾಯಬಣ್ಣ ತನಗರಿವಿಲ್ಲದೇ ಕಾಲರ್ ಸರಿಮಾಡಿಕೊಂಡ! ಸಭೆಯ ನಗು ಚಾವಣಿಗೆ ಬಡಿಯಿತು.

ವಿಮಲಾಬಾಯಿ ಎದ್ದು ನಿಂತಳು. ನಾಗಣ್ಣ ಆಕೆಗೆ ಮೊದಲು ಸೋದರಮಾವ, ಆಮೇಲೆ ಗಂಡ. ಸಮಾಧಾನ ಇದ್ದಾಗ 'ರೀ' ಎನ್ನುವ ಬಾಯಿ, ಸಿಟ್ಟು ಬಂದರೆ ಹಳೆಯ ರೂಢಿಗೇ ಮರಳುತ್ತಿತ್ತು.

"ಮಾಮಾ! ಬಂದ್ ಮಾಡು ಅದನ್ನ!"

"ನೋಡ್ರಿ, ಅವರೇ ಮಾಮಾ ಅನ್ನಾಕತ್ತಾರ!" ಎಂದರು ಸಕೀನಾ ಮೇಡಂ. "ಕಂಪ್ಯೂಟರ್ ಖರೇನೇ ಹೇಳ್ಯಾದ. ಮತ್ತ ನೀವು ಈ ಪಟ್ಟಿಯೊಳಗ ಎಲ್ಲಿದ್ದೀರಿ ನಾಗಣ್ಣಾರ?"

ಮೇಡಂ ಪಟ್ಟಿಯನ್ನು ಕೆಳಗೆ ಸರಿಸಿದರು. ಇನ್ನೂ ಕೆಳಗೆ. ಪಟ್ಟಿ ಮುಗಿಯುವಲ್ಲಿ ಸಿಕ್ಕ. 'ಹನ್ನೊಂದನೆಯ ಸ್ಥಾನ, ನಾಗಣ್ಣ. ಓದಿಗೆ ಸೊನ್ನೆ.'

"ಹತ್ತನೇ ಇಯತ್ತಿ ದಾಟದವರಿಗಿ ಸೊನ್ನಿ ಅನ್ನೋ ನಿಯಮ ಯಾರು ಬರದಾರ್ರಿ?"

"...ನಾನೇ, ಮೇಡಂ."

ಮೇಡಂ ವಿಮಲಾಬಾಯಿಯ ಕಡೆ ತಿರುಗಿದರು. "ಏನಂತೀರಿ ಬಾಯಾರ? ಹನ್ನೊಂದನೇ ವರ ಒಪ್ಪಿಗೇನ್ರಿ?"

ವಿಮಲಾಬಾಯಿ ತಲೆಯ ಮೇಲಿನ ಸೆರಗನ್ನು ಸರಿಪಡಿಸಿಕೊಂಡು ಗಂಭೀರವಾಗಿ ಹೇಳಿದಳು: "ಮನಿ ಹಿರಿಯಾರನ್ನ ಕೇಳಿ, ವಿಚಾರ ಮಾಡಿ ತಿಳಸ್ತೀವ್ರಿ."

ವರ ಮನಸ್ಸಿಗೆ ಬಾರದಿದ್ದಾಗ ಹೆಣ್ಣಿನ ಕಡೆಯವರು ಬಾಗಿಲಲ್ಲಿ ನಿಂತು ಹೇಳುವ ಮಾತದು! ಸಭೆಯಲ್ಲಿದ್ದ ಗಂಡಸರಲ್ಲಿ ಅರ್ಧ ಜನ ಅದನ್ನು ಒಮ್ಮೆಯಾದರೂ ಕೇಳಿಸಿಕೊಂಡವರೇ. ಬಿದ್ದು ಬಿದ್ದು ನಕ್ಕರು.

ನಾಗಣ್ಣ ಕೌದಿಯನ್ನು ಮಡಿಚತೊಡಗಿದ. ಅಷ್ಟರಲ್ಲಿ ಹೆಸರು ಕೂಗಿದರು. ಮೂರನೆಯ ಬಹುಮಾನ, ಕಮಲಾಪುರದ ನಾಗಣ್ಣ!

ಸಕೀನಾ ಮೇಡಂ ಕಾರಣ ಕೊಟ್ಟರು: "ತಮ್ಮ ಸಾಫ್ಟ್‌ವೇರ್ ತಮ್ಮನ್ನೇ ಮುಂದ ತರೋ ಹಂಗ ಬರಿಯೋರು ಭಾಳ ಮಂದಿ. ಇವರದು ಬರದವರಿಗೂ ಮುಲಾಜು ನೋಡಿಲ್ಲ. ಖಾನಿ ಒಂದಿದ್ದದ್ದು ಎರಡು ಮಾಡಿದ್ರ ಪೈಲಾ ನಂಬರಿನ ಮಾಲು. ಇಂಥದ್ದು ನಮ್ಮ ಕಾಲೇಜಿನ ಹುಡುಗರಿಗೂ ಬರಂಗಿಲ್ಲ."

ಪ್ರಮಾಣಪತ್ರದಲ್ಲಿ 'ಸಾಫ್ಟ್‌ವೇರ್ ತಯಾರಕ ಶ್ರೀ ನಾಗಣ್ಣ' ಎಂದು ದಪ್ಪ ಅಕ್ಷರದಲ್ಲಿತ್ತು. ಅವನು ಅದನ್ನು ಮೊದಲು ತೋರಿಸಿದ್ದು ಸಾಯಬಣ್ಣನಿಗೆ. ಸಾಯಬಣ್ಣ ಎರಡು ಸಲ ಓದಿ, ಕೈ ಕುಲುಕಿ, ವಿಮಲಾಬಾಯಿಯತ್ತ ನೋಡದೇ ಹೊರಟುಹೋದ.

ಮರಳುವ ಬಸ್ಸಿನಲ್ಲಿ ಕಂಪ್ಯೂಟರ್ ನಾಗಣ್ಣನ ತೊಡೆಯ ಮೇಲಿತ್ತು. ಪ್ರಮಾಣಪತ್ರವನ್ನು ಪಕ್ಕದವರಿಗೆ, ಮುಂದಿನವರಿಗೆ, ಕಂಡಕ್ಟರನಿಗೆ ಓದಿಸಿ ಮುಗಿದಿತ್ತು. ಊರು ಹತ್ತಿರ ಬಂದಾಗ ಮೆಲ್ಲಗೆ ಕೇಳಿದ:

"ವಿಮಲಾ, ವಿಚಾರ ಯಾವಾಗ ತಿಳಸ್ತೀ?"

ಆಕೆ ಕಿಟಕಿಯ ಹೊರಗೇ ನೋಡುತ್ತ ಅಂದಳು, "ಗಂಡಿನ ಕಡಿಯವರು ಇಷ್ಟು ಗಡಿಬಿಡಿ ಮಾಡಬಾರದ್ರಿ. ಹುಡುಗಗ ಅಡಗಿ ಬರ್ತದೇನು?"

"ಅಡಗಿ ಇಲ್ಲ... ಚಹಾ ಬರ್ತದ."

"ಹಂಗಾದ್ರ ಮನಿಗಿ ಹೋದ ಕೂಡ್ಲೇ ಟ್ರೇದಾಗ ಇಟ್ಕೊಂಡು, ತಲಿ ಬಗ್ಗಿಸಿ ತಗೊಂಡು ಬರ್ರಿ. ನಡಿಗಿ ನೋಡಿ ಹೇಳ್ತೇನಿ."

ಸಾಫ್ಟ್‌ವೇರ್ ತಯಾರಕ ಶ್ರೀ ನಾಗಣ್ಣ ಹಾಗೇ ತಂದ. ಎರಡು ಸಲ ತರಬೇಕಾಯಿತು. ಮೊದಲ ಸಲ ಸಕ್ಕರೆ ಕಮ್ಮಿ ಇತ್ತು!