ಊರಿಗೆಲ್ಲ ಇರೋ ಹುರಿ

ನನ್ನ ಹಣೆಬರಹ ಬರೆಯುವಾಗ ಬ್ರಹ್ಮನಿಗೆ ತೂಕಡಿಕೆ ಬಂದಿತ್ತೋ ಏನೋ, ಇಂಥವೆಲ್ಲ ನನಗೇ ಆಗುತ್ತವೆ. ವಡೋದರಾಕ್ಕೆ ವರ್ಗವಾಗಿ ಬಂದ ವರ್ಷವೇ ನೋಡಿ. ಸಂಕ್ರಾಂತಿಗೆ ನಮ್ಮ ಗೋರ್ವಾ ಬಡಾವಣೆಯವರೆಲ್ಲ ಗಾಳಿಪಟ ಹಾರಿಸಿದರು. ನಾನು ಮಾತ್ರ ಬಾಲ್ಕನಿಗೆ ಸಿಕ್ಕಿಕೊಂಡ ಗಾಜುಪುಡಿ ಮೆತ್ತಿದ ಪಟದ ದಾರ ಬಿಡಿಸಲು ಹೋಗಿ ಬಲಗೈ ಹೆಬ್ಬೆರಳು ಕೊಯ್ದುಕೊಂಡೆ. ಅರಿಶಿನ ಮೆತ್ತಿ ಸುಮ್ಮನಾದೆ. ಗಾಯ ಮಾಯಿತು, ಬೆರಳು ಮಡಚಲೇ ಇಲ್ಲ. ಹೆಬ್ಬೆರಳು ಮಡಚದಿದ್ದರೆ ತುತ್ತನ್ನು ಬಾಯಿಗೆ ತಳ್ಳುವವರು ಯಾರು? ಸಾರನ್ನವನ್ನು ಚಮಚದಲ್ಲಿ ತಿನ್ನುವುದೂ ಒಂದು ಬಾಳೇ? ನಿಜ ಹೇಳ್ತೀನಿ, ಊಟಕ್ಕೆ ಕೂತರೆ ಅಳು ಬರುತ್ತಿತ್ತು.

೧. ಕೈ

"ಬೆರಳನ್ನು ಎಳೆದು ಮಡಚುವ ಒಳಗಿನ ಹುರಿ ತುಂಡಾಗಿದೆ, ತಡ ಮಾಡಿದ್ದಕ್ಕೆ ತುದಿಗಳು ಕುಗ್ಗಿಹೋಗಿವೆ," ಅಂದರು ಡಾಕ್ಟರು. "ಚಿಂತೆ ಬೇಡ. ಮಣಿಕಟ್ಟಿನಲ್ಲಿ ಕೆಲಸಕ್ಕೆ ಬಾರದ ಹುರಿ ಒಂದಿರುತ್ತೆ. ಅದನ್ನೇ ತೆಗೆದು ಇಲ್ಲಿಗೆ ಹೊಲೀತೀವಿ. ಹೆಬ್ಬೆರಳು, ಕಿರುಬೆರಳು ಜೋಡಿಸಿ ಮಣಿಕಟ್ಟು ಬಗ್ಗಿಸಿ, ಎದ್ದು ಕಾಣುತ್ತೆ."

ಅವರ ಕೈಯಲ್ಲಿ ತಂತಿಯ ಹಾಗೆ ಎದ್ದಿತು. ನನ್ನದು ಸಪಾಟು. ಎಡಗೈಯೂ ಅಷ್ಟೇ.

"ಕೆಲವರಿಗೆ ಹುಟ್ಟಿನಿಂದಲೇ ಇರೋಲ್ಲ!" ಡಾಕ್ಟರಿಗೆ ಖುಷಿಯೋ ಖುಷಿ. ಕಲಿಯುತ್ತಿದ್ದ ಡಾಕ್ಟರುಗಳನ್ನೆಲ್ಲ ಕೂಗಿ ಕರೆದರು. ನನ್ನ ಹತ್ತಿರ ಇದ್ದದ್ದನ್ನು ನೋಡಲು ಇವತ್ತಿನವರೆಗೆ ಒಬ್ಬರೂ ಬಂದಿರಲಿಲ್ಲ. ಇಲ್ಲದ್ದನ್ನು ನೋಡಲು ಸಾಲು ನಿಂತಿತು.

೨. ಮನೆ

ಆರೈಕೆಗೆಂದು ದಾವಣಗೆರೆಯಿಂದ ಅತ್ತೆ ಬಂದಿದ್ದರು. ಅವರೂ ಬೆರಳು ಜೋಡಿಸಿದರು, ನನ್ನ ಹೆಂಡತಿಯೂ ಜೋಡಿಸಿದಳು. ಇಬ್ಬರಿಗೂ ಎರಡೂ ಕೈಯಲ್ಲಿ ಹುರಿ!

ಪಕ್ಕದ ಮನೆಯ ಗುಜರಾತಿ ಅಕ್ಕ ಕೈ ಚಾಚಿ, "ಭಾಯ್, ನನ್ನ ಹತ್ರ ಎರಡಿದೆ, ಒಂದು ತಗೊಳ್ಳಿ," ಅಂದರು, ಸಕ್ಕರೆ ಕಡ ಕೊಡುವವರ ಧಾಟಿಯಲ್ಲಿ. ಬೇರೆಯವರದು ಆಗಿಬರೋಲ್ಲ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಅತ್ತೆ ನಿಟ್ಟುಸಿರು ಬಿಟ್ಟರು: "ಜಾತಕ ನೋಡಿದ್ವಿ, ಗೋತ್ರ ನೋಡಿದ್ವಿ. ಕೈ ಬಗ್ಗಿಸಿ ನೋಡ್ಲಿಲ್ಲವಲ್ಲೇ!"

೩. ಕಾಲು

ಮೀನಖಂಡದ ಒಳಗೂ ಅಂಥದೇ ಬೇಡದ ಹುರಿ ಇರುತ್ತದಂತೆ. ಸ್ಕ್ಯಾನ್ ಮಾಡಿದರು. ಅದೂ ಇಲ್ಲ! ಡಾಕ್ಟರ ಮುಖವೇ ಬಾಡಿತು. ಕೊನೆಗೆ ಕಾಲ್ಬೆರಳಿನ ಹುರಿ ತೆಗೆದು ಹೆಬ್ಬೆರಳಿಗೆ ಹೊಲಿದರು. "ಮಡಚುತ್ತೆ ಅಂತ ಮಾತು ಕೊಡಲಾರೆ," ಅಂದುಬಿಟ್ಟರು. ಕಟ್ಟು ಬಿಚ್ಚಿ ವ್ಯಾಯಾಮ ಮಾಡಿಸಿದ್ದೇ ಮಾಡಿಸಿದ್ದು. ಬೆರಳು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ನಾನು ಆಸೆ ಬಿಟ್ಟೆ.

ಒಂದು ಮಧ್ಯಾಹ್ನ ತಟ್ಟೆಯ ಮುಂದೆ ಕೂತಿದ್ದಾಗ ಬೆರಳು ಮೆಲ್ಲಗೆ ಬಾಗಿತು. ಹೌದೋ ಅಲ್ಲವೋ ಎಂದು ಇನ್ನೊಮ್ಮೆ ಬಾಗಿಸಿದೆ. ಬಾಗಿತು! ಚಮಚ ಎಸೆದು, ಸಾರನ್ನ ಕಲಸಿ ತುತ್ತು ಎತ್ತಿದೆ. ಕಣ್ಣು ತುಂಬಿ ಬಂತು. ಹೆಂಡತಿಯೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅತ್ತೆ ಓಡಿಬಂದು ನನ್ನ ಮಣಿಕಟ್ಟು ಹಿಡಿದುಕೊಂಡರು. "ಅಯ್ಯಯ್ಯೋ ಅಳಿಯಂದ್ರೇ, ಬಿಡಿ, ಬಿಡಿ! ಅನ್ನಾನ ಯಾರಾದ್ರೂ ಕಾಲಲ್ಲಿ ಕಲಸ್ತಾರಾ?"