ಬನ್ನಿ ಮೊದಲು ಯಾರು ಕೊಡಬೇಕು

ಅಥವಾ ಆ ದಿನ ಮಳೆ ಬಂದಿರಲೇ ಇಲ್ಲವೇನೋ. ಈ ಸಂಗತಿ ಹೇಳುವಾಗೆಲ್ಲ ನಾನು ಒಂದು ಮಳೆ ಸೇರಿಸುತ್ತೇನೆ, ಥಾಯ್ಲೆಂಡ್ ಅಂದಮೇಲೆ ಸ್ವಲ್ಪ ತೇವ ಇರಲಿ ಅಂತ. ಚಿಕ್ಕೋಡಿಯ ನಮ್ಮ ಪಡಸಾಲೆಯಲ್ಲಿ ಕೂತವರು ತಲೆದೂಗುತ್ತಾರೆ. ಒಳಗಿನಿಂದ ಹೆಂಡತಿ ಮಾತ್ರ, "ಹ್ವಾದ ಸಲ ಹೇಳೂ ಮುಂದ ಬಿಸಲ ಇತ್ತಲ್ರಿ, ಮಳಿ ಯಾವಾಗ ಸುರು ಆತು?" ಅನ್ನುತ್ತಾಳೆ. ಬಿಸಿಲೇ ಇದ್ದಿರಬಹುದು. ಹೇಳಿ ಹೇಳಿ ನೆನಪು ಇಸ್ತ್ರಿ ಮಾಡಿದ ಅಂಗಿಯಂತಾಗುತ್ತದೆ, ತೊಟ್ಟಾಗ ಎಲ್ಲೆಲ್ಲಿ ಮುದುಡಿತ್ತು ಅನ್ನುವುದು ಆಮೇಲೆ ಕಾಣುವುದಿಲ್ಲ. ನಾನು ಧೈರ್ಯವಾಗಿ ಹೇಳಬಲ್ಲದ್ದು ಒಂದೇ: ಅಲ್ಲಿದ್ದಷ್ಟು ಕಾಲ ನಾನು ದಣಿದಿದ್ದೆ.

ಹೋದದ್ದು ಇಂಗ್ಲಿಷ್ ಕಲಿಸಲು. ನದಿ ದಂಡೆಯ ಸಣ್ಣ ಊರು, ಒಂದು ಶಾಲೆ, ಒಂದು ಮರದ ಮನೆ. ಆ ಮನೆಯ ಇನ್ನೊಂದು ಕೋಣೆಯಲ್ಲಿ ಅಥಣಿ ಕಡೆಯ ಸಿದಗೌಡ, ಅವನೂ ಇಂಗ್ಲಿಷ್ ಮಾಸ್ತರನೇ, ಊರಲ್ಲಿ ದ್ರಾಕ್ಷಿ ತೋಟ ಇದ್ದವನು. ನಾನು ಬೇಡಕಿಹಾಳದವನು. ಇಲ್ಲಿದ್ದಾಗ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ, ಅಷ್ಟು ದೂರ ಹೋಗಿ ಒಂದೇ ಗ್ಯಾಸ್ ಒಲೆಗೆ ಬಿದ್ದೆವು. ತರಗತಿಗೆ ಕಾಲಿಟ್ಟ ಕೂಡಲೇ ಮಕ್ಕಳೆಲ್ಲ ಎದ್ದು ರಾಗವಾಗಿ ನಮಸ್ಕಾರ ಹೇಳುತ್ತಿದ್ದರು. ಹೇಗಿದ್ದೀರಿ ಅಂತ ಕೇಳಿದರೆ, "ಐ ಆ್ಯಮ್ ಫೈನ್ ಥ್ಯಾಂಕ್ ಯು ಆ್ಯಂಡ್ ಯು" ಅಂತ ಒಂದೇ ಉಸಿರು. ಜ್ವರ ಬಂದು ಮೂಗು ಸೋರುತ್ತಿದ್ದವನೂ ಫೈನ್. ನಾನೂ ಫೈನ್ ಅನ್ನಲೇಬೇಕಿತ್ತು, ಬೇರೆ ಉತ್ತರ ಕೊಟ್ಟರೆ ಮುಂದಿನ ಸಾಲು ಯಾರಿಗೂ ಬರುತ್ತಿರಲಿಲ್ಲ. ಪಾಠಕ್ಕಿಂತ ಹಬ್ಬ ಹೆಚ್ಚು. ನೀರೆರಚುವ ಹಬ್ಬ, ಆಳೆತ್ತರದ ಮೇಣದಬತ್ತಿ ಹೊತ್ತು ತಿರುಗುವ ಹಬ್ಬ, ಮಕ್ಕಳು ಹೂ ಹಿಡಿದು ಮೊಣಕಾಲೂರಿ ಗುರುಗಳಿಗೆ ನಮಿಸುವ ದಿನ. ಎಲ್ಲ ಮೆರವಣಿಗೆಯಲ್ಲೂ ನಮ್ಮಿಬ್ಬರನ್ನು ಮುಂದೆ ನಿಲ್ಲಿಸುತ್ತಿದ್ದರು. ಅವರ ಪಾಲಿಗೆ ನಾವೇ ಇಂಡಿಯಾ. ಇಡೀ ದೇಶವಾಗಿ ಬಿಸಿಲಲ್ಲಿ ನಡೆಯುವುದು ಎಷ್ಟು ಕಷ್ಟ ಅಂತ ನಡೆದವರಿಗೇ ಗೊತ್ತು.

ಅಕ್ಟೋಬರ್ ರಜೆಗೆ ಊರಿಗೆ ಬಂದು ದಸರಾ ಮಾಡಬೇಕು ಅಂತ ನಾನಿದ್ದೆ. ಅಲ್ಲಿ ದಸರೆಯಾಗಿ ಐದಾರು ದಿನಕ್ಕೆ ಹುಣ್ಣಿಮೆ ಹಬ್ಬ. ಮಳೆಗಾಲವಿಡೀ ಮಠ ಬಿಟ್ಟು ಕದಲದ ಭಿಕ್ಷುಗಳು ಹೊರಗೆ ಬರುತ್ತಾರೆ, ನದಿಯಲ್ಲಿ ದೀಪದ ದೋಣಿ ಬಿಡುತ್ತಾರೆ. ಈ ಸಲ ಇಂಡಿಯಾದಿಂದ ಏನು ವಿಶೇಷ ಅಂತ ಹೆಡ್ ಮೇಡಂ ಕೇಳಿದರು. ಸಿದಗೌಡ ನನ್ನ ಕಡೆ ಕೈ ಮಾಡಿ, ಇವನು ಲೇಜಿಮ್ ಕುಣಿತ ಕಲಿಸುವುದರಲ್ಲಿ ಪಳಗಿದವನು ಅಂದುಬಿಟ್ಟ. ನಾನು ಲೇಜಿಮ್ ಹಿಡಿದದ್ದು ಏಳನೇ ಇಯತ್ತೆಯಲ್ಲಿ, ಅದೂ ಹಿಂದಿನ ಸಾಲಿನಲ್ಲಿ. ನನ್ನ ರಜೆ ಹೋಯಿತು. ಬಿದಿರು ಬಗ್ಗಿಸಿ, ಸೋಡಾ ಬಾಟಲಿಯ ಮುಚ್ಚಳ ಪೋಣಿಸಿ, ದಿನಾ ಮೈದಾನದಲ್ಲಿ ಮಕ್ಕಳನ್ನು ಕುಣಿಸುವುದೇ ಕೆಲಸ. ಹೇಳಿದವನು ಫ್ಯಾನಿನ ಕೆಳಗೆ ಮಲಗಿರುತ್ತಿದ್ದ.

"ಯಾಕ ಹಂಗ ಹೇಳಿದಿ?" ಅಂದೆ.

"ಇಲ್ಲಂದ್ರ ಇಬ್ಬರನ್ನೂ ಸಿನಿಮಾ ಹಾಡಿಗೆ ಕುಣಸ್ತಿದ್ರಲೇ. ನಿನ್ನ ಮಾನ ಉಳಿಸೇನಿ."

"ನನ್ನ ಮಾನಕ್ಕ ನನ್ನ ಸೂಟಿ ಯಾಕ ಕೊಟ್ಟಿ? ನಿಂದ ಕೊಡಬೇಕಿತ್ತ."

ಅಲ್ಲಿಗೆ ಮಾತು ನಿಂತಿತು. ತೀರಾ ಅನಿವಾರ್ಯವಾದರೆ ಇಂಗ್ಲಿಷ್: "ಗ್ಯಾಸ್ ಈಸ್ ಓವರ್." "ಓಕೆ." ಮಕ್ಕಳಿಗೆ ಇಡೀ ವರ್ಷ ಕಲಿಸಿದ ಭಾಷೆ ನಮ್ಮ ಮನೆಯಲ್ಲಿ ಸಿಟ್ಟಿಗೆ ಉಪಯೋಗವಾಯಿತು. ಹೀಗಿರುವಾಗ ಸಿದಗೌಡ ತಿಂಗಳ ಕೊನೆಗೆ ಕೆಲಸ ಬಿಟ್ಟು ಹೋಗುತ್ತಾನೆ ಅಂತ ಹೆಡ್ ಮೇಡಂ ಬಾಯಿಂದ ತಿಳಿಯಿತು. ಅವನು ಹೋದರೆ ಆ ಊರಿನಲ್ಲಿ ನನ್ನ ಜೊತೆ ಕನ್ನಡ ಆಡುವವರು ಯಾರೂ ಇಲ್ಲ. ಆಗಲೂ ಆಡುತ್ತಿರಲಿಲ್ಲ ನಿಜ, ಆದರೆ ಮಾತು ಬಿಡುವುದಕ್ಕೂ ಒಬ್ಬ ಬೇಕಲ್ಲ. ಇದೇ ಸಿಟ್ಟಿನಲ್ಲಿ ಅವನು ಹೊರಟುಹೋದರೆ ಅದು ಮತ್ತೆ ಸರಿಯಾಗುವುದಿಲ್ಲ ಅನ್ನುವ ಭಯ ಹತ್ತಿತು.

ಸರಿಮಾಡಿಕೊಳ್ಳಲು ಉಳಿದದ್ದು ದಸರೆ ಒಂದೇ. ನಮ್ಮ ಕಡೆ ಬನ್ನಿ ಎಲೆ ಕೊಟ್ಟು, ಬಂಗಾರ ತಗೊಂಡು ಬಂಗಾರದಂಗ ಇರೂಣು ಅಂದರೆ ಜಗಳ ಮುಗಿಯಬೇಕು, ತಗೊಂಡವನು ಆಮೇಲೆ ಮುಖ ತಿರುಗಿಸುವಂತಿಲ್ಲ. ಅಲ್ಲಿ ಬನ್ನಿ ಗಿಡ ಎಲ್ಲಿಂದ ಬರಬೇಕು? ಮನೆಯ ಹಿಂದೆ ಹುಣಸೆ ಮರವಿತ್ತು, ಎಲೆ ಹೆಚ್ಚುಕಡಿಮೆ ಹಾಗೇ ಸಣ್ಣಸಣ್ಣ. ಬೆಳಿಗ್ಗೆ ಎಳೆ ಚಿಗುರು ಕಿತ್ತು ತಂದು, ಬಾಡದಿರಲಿ ಅಂತ ನೀರು ಚಿಮುಕಿಸಿ, ಅಡಿಗೆಮನೆ ಕಟ್ಟೆಯ ಮೇಲಿನ ಬುಟ್ಟಿಯಲ್ಲಿಟ್ಟೆ. ಇನ್ನೇನು ಅವನ ಬಾಗಿಲು ಬಡಿಯಬೇಕು, ಆಗ ಹೊಳೆಯಿತು. ಬನ್ನಿ ತಗೊಂಡು ಹೋಗಬೇಕಾದವನು ಸಣ್ಣವನು. ದೊಡ್ಡವನು ಕೂತಲ್ಲೇ ಕೂತು ಕಾಲು ಚಾಚುತ್ತಾನೆ. ನಮ್ಮಲ್ಲಿ ಸಣ್ಣವನು ಯಾರು?

ಇಬ್ಬರ ಪಾಸ್‌ಪೋರ್ಟಿನಲ್ಲೂ ಜೂನ್ ಒಂದು, ಅದೇ ವರ್ಷ. ನಮ್ಮ ಕಾಲದ ಮಕ್ಕಳೆಲ್ಲ ಜೂನ್ ಒಂದಕ್ಕೇ ಹುಟ್ಟಿದ್ದೇವೆ. ಶಾಲೆಗೆ ಹೆಸರು ಹಚ್ಚಲು ಕರೆದುಕೊಂಡು ಹೋದವರನ್ನು ಹುಟ್ಟಿದ ದಿನ ಕೇಳಿದರೆ ಅವರು ಆಕಾಶ ನೋಡುತ್ತಿದ್ದರು. ಹೆಡ್ ಮಾಸ್ತರರು ಶಾಲೆ ತೆರೆಯುವ ದಿನಕ್ಕೆ ನಮ್ಮನ್ನು ಹೆತ್ತು ಮುಗಿಸುತ್ತಿದ್ದರು. ಬೇಡಕಿಹಾಳಕ್ಕೆ ಫೋನ್ ಹಚ್ಚಿದೆ.

"ಅವ್ವಾ, ನಾ ಹುಟ್ಟಿದ್ದು ಯಾವಾಗ?"

"ಯಾಕೋ, ಅಲ್ಲಿ ಯಾರರೆ ಕೇಳಾಕತ್ತಾರೇನು? ಜೂನ್ ಒಂದ ಅಂತ ಹೇಳ."

"ಖರೇ ಯಾವಾಗ?"

"ಕಬ್ಬ ಕಡ್ಯಾಕ ಗ್ಯಾಂಗ್ ಬಂದಿತ್ತ, ಥಂಡಿ ಬಾಳ. ತಡಿ, ಅದು ನಿಮ್ಮಕ್ಕಂದು. ನೀ ಹುಟ್ಟಿದಾಗ ಕೆಂಪ ಆಕಳ ಈದಿತ್ತ."

"ಅದು ಯಾವ ತಿಂಗಳಾ?"

"ಆಕಳಾನ ಕೇಳಬೇಕ. ಹಬ್ಬದ ದಿನಾ ಉಂಡಿಯೋ ಇಲ್ಲೋ?"

ಫೋನ್ ಇಟ್ಟಾಗ ಹಲಗೆಗೋಡೆಯ ಆಚೆ ಸಿದಗೌಡನ ದನಿ ಕೇಳಿಸಿತು. ಅವನೂ ಅವರವ್ವನ ಜೊತೆ ಮಾತಾಡುತ್ತಿದ್ದ. "ಚಾಟಣಿ ಮುಂದ ಏನ ಹಿಂದ? ಸರಿಯಾಗಿ ಹೇಳಬೇ." ಚಾಟಣಿ ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ. ಇವನೂ ತನ್ನ ಹುಟ್ಟನ್ನೇ ಕೇಳುತ್ತಿದ್ದಾನೆ ಅಂತ ನಾನು ಹಿಗ್ಗಿದೆ. ಆದರೆ ಚಾಟಣಿ ನಡೆಯುವುದೂ ಅಕ್ಟೋಬರಿನಲ್ಲೇ. ಬರೀ ತೋಟದ ಸುದ್ದಿ ಇದ್ದರೂ ಇದ್ದೀತು. ನಾನು ನನ್ನ ಕೋಣೆಯಲ್ಲಿ ದೊಡ್ಡವನಾಗಿ ಕೂತೆ. ಅವನ ಬಾಗಿಲು ತೆರೆಯಲಿಲ್ಲ. ಮಧ್ಯಾಹ್ನ ಕಳೆಯಿತು. ಈ ಹೊತ್ತಿಗೇ ನಾನು ಮಳೆ ತರುವುದು.

ಸಂಜೆ ಮನೆಯೊಡತಿ ಮುದುಕಿ ಇಬ್ಬರನ್ನೂ ಊಟಕ್ಕೆ ಕೂಗಿದಳು. ಅವಳನ್ನು ನಾವು ಆಯಿ ಅನ್ನುತ್ತಿದ್ದೆವು, ಅಡಿಗೆಮನೆ ಮೂವರಿಗೂ ಒಂದೇ. ನೆಲದ ಮೇಲೆ ಚಾಪೆ, ನಡುವೆ ಹೊಗೆಯಾಡುವ ಸಾರು, ಸಿದಗೌಡ ಮೀನು ತಿನ್ನುವುದಿಲ್ಲ ಅಂತ ಅಣಬೆ ಹಾಕಿ ಮಾಡಿದ್ದು. ಮೇಲೆ ಹುಣಸೆ ಚಿಗುರು ತೇಲುತ್ತಿತ್ತು. ನಾನು ಕಟ್ಟೆಯ ಕಡೆ ನೋಡಿದೆ, ಬುಟ್ಟಿ ಬರಿದು. ಅಡಿಗೆಗೆಂದೇ ತಂದಿದ್ದೇವೆ ಅಂದುಕೊಂಡು ಮುದುಕಿ ಸಾರು ಮಾಡಿದ್ದಳು. ಎಂಥ ಎಳೆ ಎಲೆ ಆರಿಸಿದ್ದೀರಿ ಅಂತ ಕೈಸನ್ನೆಯಲ್ಲಿ ಹೊಗಳಿದಳು ಬೇರೆ.

ಸಿದಗೌಡ ಒಂದು ಗುಟುಕು ಕುಡಿದು ಮುಖ ಕಿವಿಚಿದ. "ಹುಳಿ ಬಾಳ ಆಗೇತಲ್ಲಲೇ." ಕನ್ನಡದಲ್ಲಿ! ನಾನು ಚಮಚ ಕೆಳಗಿಟ್ಟೆ.

"ಬಂಗಾರ ಅದು," ಅಂದೆ.

"ಯಾರ ಕೊಟ್ರು?"

"ಯಾರೂ ಕೊಟ್ಟಿಲ್ಲ."

"ಹಂಗಾರ ನಾನೂ ತಗೊಂಡಂಗ ಆಗಲಿಲ್ಲ," ಅಂದವನು ಇನ್ನೊಂದು ಬಟ್ಟಲು ಬಡಿಸಿಕೊಂಡ.

ಹುಣ್ಣಿಮೆ ಹಬ್ಬದಲ್ಲಿ ಅವನೇ ಸೀಟಿ ಊದುತ್ತ ಲೇಜಿಮ್ ಮುಂದೆ ನಡೆದ, ತಾಳವನ್ನೆಲ್ಲ ಕೆಡಿಸಿದ. ಇಂಡಿಯಾದಲ್ಲಿ ಹೀಗೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು. ತಿಂಗಳ ಕೊನೆಗೆ ಹೇಳಿದಂತೆ ಹೊರಟುಹೋದ. ಬಸ್ಸಿನ ಕಿಟಕಿಯಿಂದ, "ಫೋನ್ ಮಾಡಲೇ" ಅಂದ. ಮಾಡುತ್ತೇವೆ, ಈಗ ನಾನು ಚಿಕ್ಕೋಡಿಯಲ್ಲಿ, ಅವನು ಅಥಣಿಯಲ್ಲಿ, ದ್ರಾಕ್ಷಿಯ ದರ, ಮಕ್ಕಳ ಶಾಲೆ, ಬೆನ್ನುನೋವು ಎಲ್ಲ ಆಡುತ್ತೇವೆ. ಒಂದನ್ನು ಬಿಟ್ಟು. ನಾನು ಕಿತ್ತಿದ್ದು ಒಂದು ಹಿಡಿ ಚಿಗುರು. ಆ ಪಾತ್ರೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿತ್ತು ಅಂತ ನನ್ನ ನೆನಪು. ಮುದುಕಿಯೇ ಹಿತ್ತಲಿಗೆ ಹೋಗಿ ಕಿತ್ತು ಸೇರಿಸಿರಬಹುದು. ಅಥವಾ ಇನ್ನೊಬ್ಬನೂ ಬೆಳಿಗ್ಗೆ ಎದ್ದು ಅದೇ ಮರಕ್ಕೆ ಕೈ ಹಾಕಿ, ಅದೇ ಬುಟ್ಟಿಯಲ್ಲಿಟ್ಟು, ಗೋಡೆಯ ಆಚೆ ದೊಡ್ಡವನಾಗಿ ಕೂತಿರಬಹುದು. "ಒಂದ ಮಾತ ಕೇಳಿದ್ರ ಮುಗೀತಲ್ರಿ," ಅನ್ನುತ್ತಾಳೆ ಹೆಂಡತಿ. ಅವಳಿಗೆ ಅರ್ಥವಾಗುವುದಿಲ್ಲ, ಮೊದಲು ಕೇಳಿದವನು ಸಣ್ಣವನಾಗುತ್ತಾನೆ. ಆದ್ದರಿಂದ ನಾನು ಕೇಳಿಲ್ಲ, ಅವನು ಹೇಳಿಲ್ಲ, ಆ ಎಲೆ ಯಾರದು ಅಂತ ನನಗೆ ಗೊತ್ತಿಲ್ಲ.