ಗೌಡತಿಯ ರತ್ನಗಂಬಳಿಯೂ ಅಂಟುವಾಳದ ನೊರೆಯೂ

ನಮ್ಮ ಕೇರಿಯಲ್ಲಿ ಉಣ್ಣೆಯದೇನಾದರೂ ಒಗೆಯೋಕೆ ಹಾಕಿದರೋ, ಬಟ್ಟೆ ಜೊತೆಗೆ ಯಾರದಾದರೂ ಮಾನವೂ ಕಲ್ಲಿನ ಮೇಲೆ ಬೀಳೋದು ಖಂಡಿತ. ನಾನೇನು ಹುಡುಕಿಕೊಂಡು ಹೋಗಲ್ಲ. ನನ್ನ ಜಗಲಿಗೆ ಎಲ್ಲಾ ಕಾಣಿಸುತ್ತೆ, ಅಷ್ಟೇ.

೧. ಸೋಡಾ

ಗೌಡರ ಸೊಸೆ ಸತ್ಯಮಂಗಲದ ಕಡೆಯವಳು. ಬಂದ ಹೊಸದರಲ್ಲಿ ಮಾವನ ಕಂಬಳಿಯನ್ನ ಸೋಡಾ ಹಾಕಿ ಹಂಡೆಯಲ್ಲಿ ಕುದಿಸಿಬಿಟ್ಟಳು. ಕಂಬಳಿ ಮುದುರಿ ಅಂಗೈಯಗಲ ಉಳೀತು ಅಂದರೆ ನಂಬಬೇಡಿ, ಸ್ವಲ್ಪ ದೊಡ್ಡದೇ ಇತ್ತು. ಗೌಡರು ಎತ್ತಿ ಹಿಡಿದು ಕೇಳಿದರು:

“ಇದು ನಂಗಾ ಕಣವ್ವಾ, ಇಲ್ಲಾ ಎಮ್ಮೆ ಕರೀಗಾ?”

ಅವತ್ತಿಂದ ಗೌಡತಿ ಕಟ್ಟಪ್ಪಣೆ ಮಾಡಿದರು: ಉಣ್ಣೆಗೆ ತಣ್ಣೀರು, ಅಂಟುವಾಳದ ನೊರೆ, ನೆರಳು. ಬೇರೇನೂ ಸೋಕಕೂಡದು.

೨. ಬಾವಿ ಪುಡಿ

ಸುತ್ತಿನ ಊರಿಗೆಲ್ಲಾ ರತ್ನಗಂಬಳಿ ಅಂತ ಇದ್ದದ್ದು ಆ ಗೌಡತಿಯದೊಂದೇ. ಯಾರ ಮನೆಗೆ ಹೆಣ್ಣು ನೋಡೋಕೆ ಬಂದರೂ ಅದೇ ಹಾಸಬೇಕು. ಗಾಡಿ ಹತ್ತಿ ದೊಡ್ಡಗಾಜನೂರಿಗೂ ಹೋಗಿಬರೋದು. ನಮ್ಮ ಪಕ್ಕದ ಮನೆಯಾಕೆ ತನ್ನ ಮಗಳಿಗೆ ಗಂಡಿನವರು ಬರ್ತಾರೆ ಅಂತ ತಂದು ಬಿಚ್ಚಿದರೆ, ನಡೂಮಧ್ಯ ಎಲೆಅಡಿಕೆ ಕಲೆ! ನನ್ನ ಜಗಲಿಗೆ ಓಡಿಬಂದಳು:

“ಅಕ್ಕೋ, ಗೌಡತಿ ಕಲೆ ಮಾಡ್ದೋಳು ನೀನೇ ಅಂತಾರೆ. ಗಂಡ್ನೋರು ಇದೇನ್ ಕೊಳಕು ಮನೆ ಅಂತ ಎದ್ದೋಯ್ತಾರೆ. ನನ್ ಮಗಳ ಗತಿ?”

ಅವಳ ಗಂಡ ಬಾವಿಗೆ ಹಾಕೋ ಬ್ಲೀಚಿಂಗ್ ಪುಡಿ ಹಿಡಕೊಂಡು ಬಂದ.

“ಮೊದ್ಲು ನಿನ್ನುಣ್ಣೆ ಟೋಪಿಗ್ ಆಕ್ ನೋಡ್ಲಾ” ಅಂದೆ.

ಹಾಕಿದ. ಈಗ ಟೋಪಿ ತೆಗೆಯದೇ, ತೂತಿಂದಲೇ ತಲೆ ಕೆರಕೊಳ್ತಾನೆ.

೩. ನಾನು ಕೂತ ಜಾಗ

ಕೊನೆಗೆ ಅಂಟುವಾಳವೇ ಗತಿಯಾಯಿತು. ಎರಡು ದಿನ ತಿಕ್ಕಿ, ನೆರಳಲ್ಲಿ ಒಣಗಿಸಿದೆವು. ಕಲೆ ತೆಳ್ಳಗಾಯಿತೇ ಹೊರತು ಹೋಗಲಿಲ್ಲ.

“ಅಕ್ಕ, ನೀನೇ ಅದ್ರ ಮೇಲೆ ಕೂತ್ಕೊ. ನಿನ್ ಮೈಗೆ ಅದ್ ಯಾವ ಲೆಕ್ಕ!” ಅಂದಳು ಪಕ್ಕದ ಮನೆಯಾಕೆ.

ಬಂತಲ್ಲ ಮರ್ಯಾದೆ! ಕೂತೆ.

ಗುಮಟಾಪುರದ ಕಡೆಯಿಂದ ಗಂಡಿನವರು ಬಂದರು. ಗಂಡಿನ ತಾಯಿ ನನ್ನ ಪಕ್ಕದಲ್ಲೇ ಕೂತು ರಾಗ ತೆಗೆದಳು: “ನನ್ ಮಗ ಎಣ್ ನೋಡಕ್ಕೆ ಅಂತ ಒಸ್ಲು ತುಳಿತಿರೋದು ಇದೇ ಮೊದ್ಲು ಕಣವ್ವಾ. ಬೇರೆ ಕಡೆ ಓಗಿರೋನೇ ಅಲ್ಲ.”

ಅಷ್ಟರಲ್ಲಿ ಒಳಕೋಣೆಯಲ್ಲಿ ಏನೋ ಗುಸುಗುಸು. ನನ್ನ ಕಿವಿ ಸುಮ್ಮನಿರುತ್ತಾ? ಒಂದು ಮೊಳ ಅತ್ತ ಜರುಗಿದೆ. ಕಲೆ ಬಯಲಾಯಿತು. ಪಕ್ಕದ ಮನೆಯಾಕೆ ಕಾಫಿ ಲೋಟ ಹಿಡಿದು ಕಂಬದಂಗೆ ನಿಂತಳು.

ಗಂಡಿನ ತಾಯಿ ಬಗ್ಗಿ ನೋಡಿ ಕೆನ್ನೆ ಮೇಲೆ ಕೈಯಿಟ್ಟಳು:

“ಅಯ್ಯೋ, ಇದಿನ್ನೂ ಓಗ್ನಿಲ್ವಾ? ಓದ್ ತಿಂಗ್ಳು ದೊಡ್ಡಗಾಜನೂರಲ್ಲಿ ಎಣ್ ನೋಡಕ್ ಓಗಿದ್ದಾಗ ನನ್ ಬಾಯಿಂದ್ಲೇ ಬಿದ್ದಿದ್ದು! ಅಂಟುವಾಳ ಆಕಿ ಅಂತ ಅವತ್ತೇ ಯೋಳ್ ಬಂದಿದ್ದೆ!”

ಅಂದಮೇಲೆ ಅಂದದ್ದೇನು ಅಂತ ಅವಳಿಗೇ ತಿಳೀತು. ಗಂಡು ತನ್ನ ಕಾಲುಬೆರಳು ಎಣಿಸತೊಡಗಿದ.

ಪಕ್ಕದ ಮನೆಯಾಕೆಗೆ ಹೋದ ಜೀವ ಬಂತು. ಕಾಫಿ ಲೋಟ ಕೈಗಿಟ್ಟು, ಮೆತ್ತಗೆ ಅಂದಳು:

“ಇರ್ಲಿ ಬುಡಿ ಬೀಗಿತ್ತಿ. ಮದ್ವೆ ಆದ್ಮೇಲೆ ನೀವೇ ಬಂದು ತೊಳ್ಕೊಡೀರಂತೆ.”

ಬೀಗಿತ್ತಿ ಅನ್ನಿಸಿಕೊಂಡಮೇಲೆ ಆಯಮ್ಮ ಇಲ್ಲ ಅನ್ನೋದು ಹೇಗೆ? ಮದುವೆಯಾಯಿತು. ಮೊದಲ ಸಲ ಬೀಗರ ಮನೆಗೆ ಬಂದಾಗ, ಎಲ್ಲರೂ ಮಡಿಲಲ್ಲಿ ಹಣ್ಣುಕಾಯಿ ತಂದರೆ ಈಯಮ್ಮ ಒಂದು ಸೇರು ಅಂಟುವಾಳ ಕಟ್ಟಿಕೊಂಡೇ ಬಂದಳು.